ನಡು ಮೈದಾನದವರಿಗೊಂದು ಕಿವಿಮಾತು

ಕೋಚ್ ನಿಮ್ಮನ್ನು ಸ್ಟ್ರೈಕರ್ ಜಾಗದಿಂದ ಎತ್ತಿ ಮಿಡ್‌ಫೀಲ್ಡ್‌ಗೆ ಹಾಕಿದರೆಂದು ಮುಖ ಊದಿಸಿಕೊಂಡು ಕೂತಿದ್ದೀರಂತೆ. ಮೊದಲು ಆ ಮುಖ ಸರಿಮಾಡಿಕೊಳ್ಳಿ. ಗೋಲು ಹೊಡೆದವರ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ಆ ಆಸೆ ಯಾರಿಗಿಲ್ಲ ಹೇಳಿ? ಆದರೆ ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ಓಡುವವರು ಸಾಮಾನ್ಯವಾಗಿ ಮಿಡ್‌ಫೀಲ್ಡರ್‌ಗಳೇ. ದೊಡ್ಡ ಮಟ್ಟದ ಪಂದ್ಯದಲ್ಲಿ 90 ನಿಮಿಷಕ್ಕೆ 10ರಿಂದ 12 ಕಿಲೋಮೀಟರ್ ಓಡುತ್ತಾರೆ. ಹಿಂದಿನವರು ತಪ್ಪಿದರೆ ಅಲ್ಲಿಗೂ ಹೋಗಬೇಕು, ಮುಂದಿನವರಿಗೆ ಚೆಂಡು ಬೇಕೆಂದರೆ ಅದನ್ನೂ ಕೊಡಬೇಕು. ಕೋಚ್ ಅಂಥ ಕೆಲಸ ವಹಿಸಿದ್ದಾರೆಂದರೆ ಅದು ಶಿಕ್ಷೆಯಲ್ಲ, ನಿಮ್ಮ ಮೇಲಿಟ್ಟ ನಂಬಿಕೆ.

ಕ್ರೊಯೇಷ್ಯಾದ ಲೂಕಾ ಮೊಡ್ರಿಚ್ ಅವರನ್ನು ನೀವು ಟಿವಿಯಲ್ಲಿ ನೋಡಿದ್ದೀರಿ. 2018ರ ರಷ್ಯಾ ವಿಶ್ವಕಪ್‌ನಲ್ಲಿ ಅವರು ಹೊಡೆದದ್ದು ಬರೀ ಎರಡು ಗೋಲು, ಅದೂ ಮೊದಲ ಸುತ್ತಿನಲ್ಲಿ. ಆದರೂ ಟೂರ್ನಿಯ ಅತ್ಯುತ್ತಮ ಆಟಗಾರನಿಗೆ ಕೊಡುವ ಗೋಲ್ಡನ್ ಬಾಲ್ ಅವರಿಗೇ ಸಿಕ್ಕಿತು. ಆ ವರ್ಷದ ಬ್ಯಾಲನ್ ಡಿ'ಓರ್ ಕೂಡ ಅವರದೇ ಆಯಿತು. ಅದಕ್ಕೂ ಮುಂಚೆ ಹತ್ತು ವರ್ಷ ಆ ಪ್ರಶಸ್ತಿ ಮೆಸ್ಸಿ, ರೊನಾಲ್ಡೊ ಇಬ್ಬರ ಮನೆ ಬಿಟ್ಟು ಆಚೆ ಹೋಗಿರಲಿಲ್ಲ. ಗೋಲಿನ ಲೆಕ್ಕವೊಂದೇ ಲೆಕ್ಕ ಎಂದು ಗೆಳೆಯರು ಛೇಡಿಸಿದರೆ ಇದನ್ನು ಹೇಳಿ. ಹೇಳಿ ಸುಮ್ಮನಾಗಿ, ಜಗಳಕ್ಕೆ ನಿಲ್ಲಬೇಡಿ.

ಈ ಮನುಷ್ಯ ಬೆಳೆದು ಬಂದ ದಾರಿ ನಿಮಗೆ ಗೊತ್ತಿರಲಿ. ಹುಟ್ಟಿದ್ದು 1985ರಲ್ಲಿ, ಸಮುದ್ರದಂಡೆಯ ಜಾದರ್ ಊರಿನಲ್ಲಿ. 1991ರಲ್ಲಿ ಅಲ್ಲಿ ಯುದ್ಧ ನಡೆಯುತ್ತಿದ್ದಾಗ ಅಜ್ಜನನ್ನು ಗುಂಡಿಟ್ಟು ಕೊಂದರು. ಅಜ್ಜನ ಹೆಸರೂ ಲೂಕಾ. ಮನೆ ಬಿಟ್ಟು ಓಡಿಬಂದ ಕುಟುಂಬ ಜಾದರ್‌ನ ಕೊಲೊವಾರೆ ಎಂಬ ಹೋಟೆಲಿನಲ್ಲಿ ನಿರಾಶ್ರಿತರಾಗಿ ವರ್ಷಗಟ್ಟಲೆ ಇತ್ತು. ಆ ಹೋಟೆಲಿನ ವಾಹನ ನಿಲ್ಲಿಸುವ ಜಾಗವೇ ಆರು ವರ್ಷದ ಹುಡುಗನಿಗೆ ಮೈದಾನ. ನಮ್ಮ ಊರಲ್ಲಿ ಒಳ್ಳೆ ಗ್ರೌಂಡ್ ಇಲ್ಲ, ಟರ್ಫ್ ಬುಕ್ ಮಾಡಲು ದುಡ್ಡಿಲ್ಲ ಎಂದು ನೆಪ ಹೇಳುವ ಮುಂಚೆ ಇದನ್ನು ಒಮ್ಮೆ ಯೋಚಿಸಿ. ಒಂದು ಗೋಡೆ, ಒಂದು ಚೆಂಡು ಇದ್ದರೆ ಮಿಡ್‌ಫೀಲ್ಡರ್‌ಗೆ ಬೇಕಾದ ಅಭ್ಯಾಸದಲ್ಲಿ ಅರ್ಧ ಮುಗಿಯುತ್ತದೆ. ಬಲಗಾಲಿನಲ್ಲಿ ಎಷ್ಟು ಸಲ ಹೊಡೆಯುತ್ತೀರೋ ಎಡಗಾಲಿನಲ್ಲೂ ಅಷ್ಟೇ ಹೊಡೆಯಿರಿ. ಎಡಗಾಲು ಬರಲ್ಲ ಅಂದರೆ ಬರುವವರೆಗೂ ಹೊಡೆಯಿರಿ.

ಆ ಹುಡುಗ ಸಣಕಲು. ಹೈದುಕ್ ಸ್ಪ್ಲಿಟ್ ಎಂಬ ದೊಡ್ಡ ಕ್ಲಬ್ಬಿನವರು ನೋಡಿ, ತೀರಾ ಚಿಕ್ಕವನು, ಬಲ ಸಾಲದು ಎಂದು ವಾಪಸ್ ಕಳಿಸಿದರು. ಜಾದರ್‌ನ ತರಬೇತುದಾರ ತೊಮಿಸ್ಲಾವ್ ಬಾಶಿಚ್ ಮಾತ್ರ ಕೈಬಿಡಲಿಲ್ಲ. ಹುಡುಗನ ಮೊಣಕಾಲ ಕೆಳಗೆ ಕಟ್ಟಿಕೊಳ್ಳಲು ಮರದ ರಕ್ಷಾಪಟ್ಟಿಗಳನ್ನು ತಾವೇ ಮಾಡಿಕೊಟ್ಟರು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎನ್ನುವುದು ಇಂಥವರನ್ನು ನೋಡಿಯೇ ಹುಟ್ಟಿದ ಮಾತಿರಬೇಕು. ಹಾಗಾಗಿ, ಹೈಟ್ ಕಮ್ಮಿ ಎಂದು ಯಾರೋ ಅಂದರೆಂದು ಹದಿನಾಲ್ಕಕ್ಕೇ ಜಿಮ್ ಸೇರಿ, ಡಬ್ಬಿಗಟ್ಟಲೆ ಪುಡಿ ಕಲಸಿ ಕುಡಿಯಬೇಡಿ. ಇನ್ನು ನೀವು ಶಿನ್ ಗಾರ್ಡನ್ನು ಚೀಲದಲ್ಲೇ ಬಿಟ್ಟು ಅಭ್ಯಾಸಕ್ಕೆ ಇಳಿಯುತ್ತೀರಲ್ಲ, ಅದು ಯಾವ ಶೋಕಿ? ಪಂದ್ಯದಲ್ಲಿ ಅದು ಕಡ್ಡಾಯವೆಂದು ನಿಯಮವೇ ಇದೆ. ಮಿಡ್‌ಫೀಲ್ಡರ್ ಕಾಲಿಗೆ ಬೀಳುವ ಒದೆ ಕಡಿಮೆಯೇನಲ್ಲ.

ಇನ್ನು ಆಟದ ವಿಷಯ. ಚೆಂಡು ಕಾಲಿಗೆ ಬಂದಮೇಲೆ ತಲೆ ಎತ್ತಿ ಯಾರಿಗೆ ಕೊಡಲಿ ಎಂದು ಹುಡುಕುತ್ತೀರಿ ನೋಡಿ, ಅದೇ ದೊಡ್ಡ ತಪ್ಪು. ನೋಡುವುದೆಲ್ಲ ಚೆಂಡು ಬರುವ ಮುಂಚೆಯೇ ಮುಗಿದಿರಬೇಕು. ಒಳ್ಳೆಯ ಮಿಡ್‌ಫೀಲ್ಡರನ್ನು ಒಂದು ಹತ್ತು ನಿಮಿಷ ಬಿಡದೆ ಗಮನಿಸಿ. ಚೆಂಡು ಇನ್ನೆಲ್ಲೋ ಇದ್ದಾಗಲೇ ಎಡ ಭುಜದ ಮೇಲಿಂದ ಒಮ್ಮೆ, ಬಲ ಭುಜದ ಮೇಲಿಂದ ಒಮ್ಮೆ ಹಿಂದಕ್ಕೆ ಕಣ್ಣು ಹಾಯಿಸುತ್ತಲೇ ಇರುತ್ತಾರೆ. 2022ರ ಏಪ್ರಿಲ್ 12ರ ಚಾಂಪಿಯನ್ಸ್ ಲೀಗ್ ಪಂದ್ಯದ ತುಣುಕು ಸಿಕ್ಕರೆ ಹುಡುಕಿ ನೋಡಿ. ಮ್ಯಾಡ್ರಿಡ್‌ನಲ್ಲೇ ಆಟ, ಚೆಲ್ಸಿ 3-0 ಮುಂದೆ, ರಿಯಲ್ ಮ್ಯಾಡ್ರಿಡ್ ಕಥೆ ಮುಗಿಯಿತು ಎನ್ನುವ ಹೊತ್ತು. 80ನೇ ನಿಮಿಷದಲ್ಲಿ ಮೊಡ್ರಿಚ್ ಬಲಗಾಲಿನ ಹೊರ ಅಂಚಿನಿಂದ ಚೆಂಡನ್ನು ಹಾಗೇ ಎತ್ತಿದರು. ಅದು ಡಿಫೆಂಡರ್‌ಗಳ ತಲೆ ಮೇಲಿಂದ ಬಾಗಿ ಹೋಗಿ, ಓಡಿ ಬರುತ್ತಿದ್ದ ರೊಡ್ರಿಗೊ ಕಾಲಿಗೆ ಸರಿಯಾಗಿ ಬಿತ್ತು. ನೆಲಕ್ಕೂ ತಾಗಿಸದೆ ಆತ ಗೋಲು ಹೊಡೆದ. ಮೊಡ್ರಿಚ್‌ಗೆ ಆಗ 36 ವರ್ಷ. ಮ್ಯಾಡ್ರಿಡ್ ಆ ಸಲ ಸೆಮಿಫೈನಲ್‌ಗೂ ಹೋಯಿತು, ಕಪ್ಪನ್ನೂ ಗೆದ್ದಿತು. ನೀವು ಕಾಲಿನ ಹೊರ ಅಂಚಿನ ಆ ಒದೆಯನ್ನು ನಾಳೆಯೇ ನಕಲು ಮಾಡಲು ಹೊರಡುತ್ತೀರೆಂದು ನನಗೆ ಗೊತ್ತು. ಬೇಡ. ಅದಕ್ಕೂ ಮುಂಚೆ ಅವರು ರೊಡ್ರಿಗೊನನ್ನು ನೋಡಿಟ್ಟುಕೊಂಡಿದ್ದರಲ್ಲ, ಅದನ್ನು ಕಲಿಯಿರಿ.

ತಪ್ಪು ಮಾಡಿದ ಮೇಲೆ ಮೂಲೆ ಹಿಡಿಯುವ ಚಾಳಿ ಕೂಡ ಬಿಡಿ. 2018ರ ಅದೇ ವಿಶ್ವಕಪ್‌ನಲ್ಲಿ ಡೆನ್ಮಾರ್ಕ್ ಎದುರು ಹೆಚ್ಚುವರಿ ಸಮಯ ಮುಗಿಯಲು ಕೆಲವೇ ನಿಮಿಷ ಇದ್ದಾಗ ಮೊಡ್ರಿಚ್ ಹೊಡೆದ ಪೆನಾಲ್ಟಿಯನ್ನು ಗೋಲ್‌ಕೀಪರ್ ಹಿಡಿದುಬಿಟ್ಟ. ಅದು ಗೋಲಾಗಿದ್ದರೆ ಪಂದ್ಯ ಬಹುತೇಕ ಅಲ್ಲಿಗೇ ಮುಗಿಯುತ್ತಿತ್ತು. ಕೊನೆಗೆ ಶೂಟೌಟ್ ಬಂತು. ಅದೇ ಗೋಲ್‌ಕೀಪರ್ ಎದುರು ಅವರು ಮತ್ತೆ ಚೆಂಡು ಇಟ್ಟು, ಹೊಡೆದು, ಗೋಲು ಮಾಡಿದರು. ನೀವಾದರೆ ಒಂದು ಪಾಸ್ ತಪ್ಪಿತೆಂದು ಮುಂದಿನ ಹತ್ತು ನಿಮಿಷ ಚೆಂಡೇ ಕೇಳುವುದಿಲ್ಲ.

ಮೈಯ ಕಾಳಜಿ ಬಗ್ಗೆ ಸ್ವಲ್ಪ ಗದರಿಸಿಯೇ ಹೇಳಬೇಕು. ಊಟ ಬಲ್ಲವನಿಗೆ ರೋಗವಿಲ್ಲ. ಪಂದ್ಯಕ್ಕೆ ಮೂರು ಗಂಟೆ ಮುಂಚೆ ಮನೆಯಲ್ಲಿ ಮಾಡಿದ್ದನ್ನು, ಅನ್ನ ಸಾರೋ ಮುದ್ದೆಯೋ ಚಪಾತಿಯೋ, ನೆಮ್ಮದಿಯಾಗಿ ತಿನ್ನಿ. ಖಾಲಿ ಹೊಟ್ಟೆಯಲ್ಲಿ ಹೋಗಿ ಮಧ್ಯಂತರದಲ್ಲಿ ಕೋಲಾ ಕುಡಿಯುವುದು ಬೇಡ, ನೀರು ಕುಡಿಯಿರಿ. ರಾತ್ರಿ ಒಂದು ಗಂಟೆವರೆಗೆ ಮೊಬೈಲ್ ಹಿಡಿದು ವಿದೇಶದ ಲೀಗ್ ನೋಡಿ, ಬೆಳಿಗ್ಗೆ ಆರಕ್ಕೆ ಅಭ್ಯಾಸಕ್ಕೆ ಬಂದು ಆಕಳಿಸಿದರೆ ಏನು ಬಂತು? ಹೊಸ ಬೂಟನ್ನು ಪಂದ್ಯದ ದಿನವೇ ಮೊದಲ ಸಲ ಹಾಕಬೇಡಿ, ಹಿಮ್ಮಡಿಯಲ್ಲಿ ಗುಳ್ಳೆ ಏಳುತ್ತದೆ. ಹುಲ್ಲಿನ ಮೈದಾನಕ್ಕೆಂದು ಮಾಡಿದ ಉದ್ದ ಮೊಳೆಯ ಬೂಟು ಹಾಕಿಕೊಂಡು ಬಾಡಿಗೆ ಟರ್ಫ್ ಮೇಲೆ ಆಡುವುದಂತೂ ಬೇಡವೇ ಬೇಡ. ಮೊಳೆ ಕಚ್ಚಿಕೊಂಡು ಪಾದ ನಿಲ್ಲುತ್ತದೆ, ಮೈ ತಿರುಗುತ್ತದೆ, ನಡುವೆ ಮಂಡಿ ತಿರುಚುತ್ತದೆ. ಮಂಡಿಯೊಳಗಿನ ಲಿಗಮೆಂಟ್ ಹರಿದರೆ ಮತ್ತೆ ಆಡಲು ಒಂಬತ್ತು ತಿಂಗಳು, ಒಮ್ಮೊಮ್ಮೆ ವರ್ಷವೇ ಬೇಕಾಗುತ್ತದೆ. ಊದಿಕೊಂಡ ಮಂಡಿಗೆ ಎಣ್ಣೆ ತಿಕ್ಕಿಸಿಕೊಂಡು, ನೋವಿನ ಮಾತ್ರೆ ನುಂಗಿ ಮೈದಾನಕ್ಕಿಳಿಯುವ ಶೌರ್ಯ ಯಾರಿಗೂ ಬೇಕಿಲ್ಲ, ಮೂಳೆ ವೈದ್ಯರಿಗೆ ತೋರಿಸಿ. ಮೊಡ್ರಿಚ್ 2009ರ ಆಗಸ್ಟ್‌ನಲ್ಲಿ ಕಾಲಿನ ಮೂಳೆ ಮುರಿದುಕೊಂಡಾಗ ಡಿಸೆಂಬರ್ ಕೊನೆಯವರೆಗೂ ಆಡಲಿಲ್ಲ. ಅಂಥ ಆಟಗಾರನಿಗಾಗಿ ದೊಡ್ಡ ಕ್ಲಬ್ಬಿನವರೇ ಕಾಯುತ್ತಾರೆಂದರೆ ನಿಮ್ಮ ಬಡಾವಣೆಯ ಕಪ್ಪಿಗೆ ಅಷ್ಟೇನು ಆತುರ?

ಕಾಯುವುದು ಮೈಗೆ ಮಾತ್ರವಲ್ಲ, ಮನಸ್ಸಿಗೂ ಗೊತ್ತಿರಬೇಕು. ದಿನಾಮೊ ಜಾಗ್ರೆಬ್ ಕ್ಲಬ್ಬಿನವರು ಮೊಡ್ರಿಚ್‌ರನ್ನು ಸೇರಿಸಿಕೊಂಡ ಕೆಲ ಕಾಲಕ್ಕೆ, 2003ರಲ್ಲಿ, ಪಕ್ಕದ ಬೋಸ್ನಿಯಾದ ಜ್ರಿನ್‌ಸ್ಕಿ ಮೊಸ್ತಾರ್‌ಗೆ ಎರವಲು ಕಳಿಸಿದರು. ಅಲ್ಲಿನದು ಒರಟು ಆಟ. ಸಣಕಲು ಹುಡುಗ ಅಲ್ಲೇ ಗಟ್ಟಿಯಾಗಿ ಹದಿನೆಂಟಕ್ಕೆ ಆ ಲೀಗ್‌ನ ವರ್ಷದ ಆಟಗಾರನಾದ. ನಿಮ್ಮನ್ನು ಬಿ ಡಿವಿಷನ್‌ಗೆ ಹಾಕಿದರೆ ಮಾತ್ರ ಅವಮಾನ! 2012ರಲ್ಲಿ ರಿಯಲ್ ಮ್ಯಾಡ್ರಿಡ್ ಸೇರಿದಾಗಲೂ ಅಷ್ಟೆ. ಆ ಡಿಸೆಂಬರ್‌ನಲ್ಲಿ ಸ್ಪೇನ್‌ನ ಮಾರ್ಕಾ ಪತ್ರಿಕೆ ನಡೆಸಿದ ಮತದಾನದಲ್ಲಿ ಓದುಗರು ಅವರನ್ನು ಆ ಋತುವಿನ ಅತಿ ಕೆಟ್ಟ ಖರೀದಿ ಎಂದು ಆರಿಸಿದ್ದರು. ತಾಳಿದವನು ಬಾಳಿಯಾನು. ಅದೇ ಕ್ಲಬ್ಬಿನಲ್ಲಿ 13 ಋತು ಆಡಿ, ಆರು ಚಾಂಪಿಯನ್ಸ್ ಲೀಗ್ ಸೇರಿ 28 ಪ್ರಶಸ್ತಿ ಗೆದ್ದು, 2025ರಲ್ಲಿ ಎ.ಸಿ. ಮಿಲಾನ್‌ಗೆ ಹೋದರು. ಇನ್‌ಸ್ಟಾಗ್ರಾಮ್‌ನಲ್ಲಿ ಯಾರೋ ನಾಲ್ಕು ಮಂದಿ ಬೈದರೆಂದು ನೀವು ಬೂಟು ಬಿಚ್ಚಿಡಬೇಡಿ.

ಈಗ ಕಾಗದ ಪತ್ರದ ಮಾತು. ಇದನ್ನು ಅಪ್ಪ ಅಮ್ಮನೂ ಕೂತು ಕೇಳಲಿ. 2008ರಲ್ಲಿ ದಿನಾಮೊದಿಂದ ಇಂಗ್ಲೆಂಡಿನ ಟಾಟೆನ್‌ಹ್ಯಾಮ್‌ಗೆ ಹೋದಾಗಿನ ಹಣ ಹಂಚಿಕೆಯ ಕರಾರಿಗೆ ಸಹಿ ಬಿದ್ದದ್ದು ಯಾವಾಗ ಎಂಬ ಪ್ರಶ್ನೆ ಮೊಡ್ರಿಚ್‌ರನ್ನು ಒಂಬತ್ತು ವರ್ಷ ಕಳೆದಮೇಲೆ ಕೋರ್ಟಿನ ಸಾಕ್ಷಿಕಟ್ಟೆಗೆ ತಂದು ನಿಲ್ಲಿಸಿತು. ಸುಳ್ಳು ಸಾಕ್ಷಿಯ ಆರೋಪವೂ ಬಂತು, ಮುಂದೆ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಆದರೆ ತಲೆ ಮೇಲೆ ಎತ್ತಿ ಹೊತ್ತಿದ್ದ ಸ್ವಂತ ದೇಶದ ಅಭಿಮಾನಿಗಳೇ ಆಗ ಬೈದರು. ಆದ್ದರಿಂದ ತಾರೀಖಿಲ್ಲದ ಕಾಗದಕ್ಕೆ, ಓದದ ಕಾಗದಕ್ಕೆ, ನಕಲು ಕೊಡದ ಕಾಗದಕ್ಕೆ ಸಹಿ ಹಾಕಬೇಡಿ. ಹದಿನೆಂಟು ತುಂಬದವರ ವೃತ್ತಿಪರ ಒಪ್ಪಂದ ಮೂರು ವರ್ಷ ಮೀರುವಂತಿಲ್ಲ, ಇದು ಫಿಫಾ ನಿಯಮ. ಏಜೆಂಟ್ ಎಂದು ಬಂದವರನ್ನು ಫಿಫಾ ಲೈಸೆನ್ಸ್ ತೋರಿಸಿ ಎಂದು ಕೇಳಿ, ಸಂಕೋಚ ಬೇಡ. ಯುರೋಪಿನಲ್ಲಿ ಟ್ರಯಲ್ಸ್ ಕೊಡಿಸುತ್ತೇನೆ, ಮೊದಲು ಲಕ್ಷ ಕಟ್ಟಿ ಎನ್ನುವವರಿಗೆ ಬಾಗಿಲು ತೋರಿಸಿ.

ವಯಸ್ಸು ಕದಿಯುವ ಕೆಲಸಕ್ಕೂ ಇಳಿಯಬೇಡಿ. ಮಗನ ಜನನ ಪತ್ರದಲ್ಲಿ ಎರಡು ವರ್ಷ ಕಡಿಮೆ ಮಾಡಿಸಿದರೆ ಹದಿಮೂರರ ತಂಡಕ್ಕೆ ಸೇರಿಸಬಹುದು ಎಂದು ಲೆಕ್ಕ ಹಾಕುವ ತಂದೆ ತಾಯಿ ಇದ್ದಾರೆ. ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುವ ಪರೀಕ್ಷೆ ನಮ್ಮ ದೇಶದ ಕಿರಿಯರ ಫುಟ್‌ಬಾಲ್‌ನಲ್ಲೂ ಇದೆ. ಸಿಕ್ಕಿಬಿದ್ದರೆ ಹೋಗುವುದು ಮಗುವಿನ ಮಾನ.

ಕೊನೆಯದಾಗಿ ಹೊಟ್ಟೆಪಾಡಿನ ವಿಷಯ. ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಚಾಪ್ಮನ್ ಹೆಸರು ನಿಮ್ಮ ಕೋಚ್‌ಗೆ ಗೊತ್ತಿರುತ್ತದೆ, ಕೇಳಿ. ಅವರೂ ಮಿಡ್‌ಫೀಲ್ಡರೇ. 1993ರಲ್ಲಿ ಈಸ್ಟ್ ಬೆಂಗಾಲ್ ಪರ ಇರಾಕಿನ ಅಲ್ ಜಾವ್ರಾ ಎದುರು ಹ್ಯಾಟ್ರಿಕ್ ಹೊಡೆದರು, ಆ ಪಂದ್ಯವನ್ನು ತಂಡ 6-2ರಿಂದ ಗೆದ್ದಿತು. ಭಾರತ ತಂಡದ ನಾಯಕರಾದರು. ಜೆಸಿಟಿ ತಂಡದಲ್ಲಿದ್ದಾಗ ಮೊಟ್ಟಮೊದಲ ರಾಷ್ಟ್ರೀಯ ಲೀಗ್ ಗೆದ್ದರು. 2001ರಲ್ಲಿ ಆಟ ನಿಲ್ಲಿಸಿದಾಗ ವಯಸ್ಸು ಮೂವತ್ತರ ಆಸುಪಾಸು. ಆಮೇಲಿನ ಬದುಕೆಲ್ಲ ಕೋಚಿಂಗ್. ಜಮ್‌ಶೆಡ್‌ಪುರದ ಟಾಟಾ ಅಕಾಡೆಮಿಯಲ್ಲಿ, ಕೇರಳದಲ್ಲಿ, ಇನ್ನೂ ಹಲವು ಕಡೆ ಹುಡುಗರಿಗೆ ಕಲಿಸಿದರು. 2020ರಲ್ಲಿ, 49ನೇ ವಯಸ್ಸಿಗೇ ತೀರಿಕೊಂಡರು. ಅವರು ಗೆಲ್ಲಿಸಿದ ಜೆಸಿಟಿ ತಂಡವನ್ನೇ 2011ರಲ್ಲಿ ಮುಚ್ಚಿದರು. 2025ರಲ್ಲಿ ಐಎಸ್‌ಎಲ್ ನಡೆಯುವುದೇ ಅನುಮಾನವಾದಾಗ ಬೆಂಗಳೂರು ಎಫ್‌ಸಿ ಆಟಗಾರರ ಸಂಬಳವೂ ನಿಂತಿತು. ಹಿಂದೆ ಎಚ್‌ಎಎಲ್, ಐಟಿಐ ತಂಡಕ್ಕೆ ಆಡಿದವರಿಗೆ ಕಂಪನಿಯ ಕೆಲಸ ಇರುತ್ತಿತ್ತು. ಈಗ ಆ ಆಸರೆ ಎಲ್ಲರಿಗೂ ಇಲ್ಲ.

ಕೂತು ಉಣ್ಣುವವನಿಗೆ ಕುಡಿಕೆ ಹಣ ಸಾಲದು. ಮೊದಲ ಸಂಬಳ ಬಂದ ತಿಂಗಳೇ ಬೈಕ್ ಷೋರೂಮಿಗೆ ಓಡದೆ ಒಂದು ಪಾಲು ಬ್ಯಾಂಕಿನಲ್ಲಿಡಿ. ಆಡುತ್ತಿರುವಾಗಲೇ ಎಐಎಫ್‌ಎಫ್‌ನ ಡಿ ಲೈಸೆನ್ಸ್ ಕೋರ್ಸ್ ಮಾಡಿಕೊಂಡರೆ ಮುಂದೆ ಕೋಚ್ ಆಗಲು ಒಂದು ಮೆಟ್ಟಿಲು ಹತ್ತಿದಂತೆ. ಓದು ಬಿಟ್ಟು ಬರೀ ಚೆಂಡಿನ ಹಿಂದೆ ಹೋಗುತ್ತೇನೆ ಎಂಬ ಹಟ ಬೇಡ. ದಿನಕ್ಕೆರಡು ಹೊತ್ತು ಅಭ್ಯಾಸ ಮಾಡಿಯೂ ಪಿಯುಸಿ, ಡಿಗ್ರಿ ಮುಗಿಸಿದ ಆಟಗಾರರು ಬೇಕಾದಷ್ಟಿದ್ದಾರೆ. ಈ ಸಲದ ಪರೀಕ್ಷೆ ಶುಲ್ಕ ಕಟ್ಟಿದ್ದೀರಾ? ಇಲ್ಲದಿದ್ದರೆ ಕೊನೆಯ ದಿನ ದಾಟುವ ಮುಂಚೆ ಹೋಗಿ ಕಟ್ಟಿ ಬನ್ನಿ.