ಗ್ರಾಮಸ್ಥರ ಮೊಬೈಲ್‌ಗೆ ಸಂದೇಶ ಬರೆಯುವ ಬಗೆ: ಪಂಚಾಯಿತಿ ಸಿಬ್ಬಂದಿಗೆ ಅಭ್ಯಾಸ ಲೇಖನ

ಗ್ರಾಮ ಪಂಚಾಯಿತಿಯ ಪ್ರಕಟಣೆಗಳು ಇಂದು ಅನೇಕ ಊರುಗಳಲ್ಲಿ ಸೂಚನಾ ಫಲಕಕ್ಕಿಂತ ಮೊದಲೇ ವಾಟ್ಸ್‌ಆ್ಯಪ್ ಗುಂಪು ಹಾಗೂ ಫೇಸ್‌ಬುಕ್ ಪುಟಗಳ ಮೂಲಕ ಜನರನ್ನು ತಲುಪುತ್ತಿವೆ. ಆದರೆ ಫಲಕಕ್ಕೆಂದು ಬರೆದ ಒಕ್ಕಣೆಯನ್ನೇ ಮೊಬೈಲ್‌ಗೂ ಕಳುಹಿಸುವ ರೂಢಿ ಉಳಿದುಕೊಂಡಿದೆ. ಫಲಕವು ಇದ್ದಲ್ಲಿಯೇ ಇರುತ್ತದೆ. ಅದರ ಮುಂದೆ ನಿಂತು ಓದುವವರಿಗೆ ಅದು ಯಾವ ಊರಿನದು, ಯಾವ ಕಚೇರಿಯದು ಎಂದು ಹೇಳಬೇಕಾಗಿಲ್ಲ. ಸಂದೇಶವಾದರೋ ಊರು ದಾಟಿ ಹೋಗುತ್ತದೆ, ದಿನ ಕಳೆದ ಮೇಲೂ ಓಡಾಡುತ್ತದೆ. ಆದುದರಿಂದ ಕಳುಹಿಸಿದವರಿಂದ ಬೇರ್ಪಟ್ಟ ಮೇಲೂ ಅರ್ಥ ಕೆಡದಂತೆ ಅದನ್ನು ಬರೆಯಬೇಕಾಗುತ್ತದೆ.

ಕುಡಿಯುವ ನೀರಿನ ಪರೀಕ್ಷೆಯಲ್ಲಿ ಒಂದು ಟ್ಯಾಂಕಿನ ನೀರು ಯೋಗ್ಯವಲ್ಲವೆಂದು ಕಂಡುಬಂದಿದೆ ಎಂದು ಭಾವಿಸೋಣ. ಕಚೇರಿಯ ರೂಢಿಯ ಒಕ್ಕಣೆ ಹೀಗಿರುತ್ತದೆ: ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸದರಿ ಗ್ರಾಮದ ಸಮಸ್ತ ಸಾರ್ವಜನಿಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನೀರಿನ ಮಾದರಿಯು ಯೋಗ್ಯವಲ್ಲವೆಂದು ವರದಿಯಾಗಿರುವ ಹಿನ್ನೆಲೆಯಲ್ಲಿ ನಾಳೆಯಿಂದ ಸೂಕ್ತ ಮುನ್ನೆಚ್ಚರಿಕೆ ವಹಿಸತಕ್ಕದ್ದು.’

ಮುಚ್ಚಿದ ಮೊಬೈಲ್ ಪರದೆಯ ಮೇಲೆ ಸಂದೇಶದ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ. ಇಲ್ಲಿ ಆ ಸಾಲಿನಲ್ಲಿ ಇರುವುದು ‘ಮೇಲ್ಕಂಡ ವಿಷಯ’. ವಾಟ್ಸ್‌ಆ್ಯಪ್‌ನಲ್ಲಿ ಅದರ ಮೇಲೆ ಕಾಣುವುದು ಯಾರೋ ಕಳುಹಿಸಿದ ಶುಭೋದಯದ ಹೂವಿನ ಚಿತ್ರ. ‘ಸೂಕ್ತ ಮುನ್ನೆಚ್ಚರಿಕೆ’ ಎಂದರೆ ಯಾವುದು ಎಂಬುದನ್ನು ಬಿಂದಿಗೆ ಹಿಡಿದು ನಲ್ಲಿಯ ಮುಂದೆ ನಿಂತ ತಾಯಿಯ ಊಹೆಗೇ ಬಿಡಲಾಗಿದೆ. ಆಕೆ ಬಹುಶಃ ನೀರನ್ನು ಕುದಿಸಿ ಮಕ್ಕಳಿಗೆ ಕೊಡುತ್ತಾಳೆ. ರೋಗಾಣುಗಳಿಂದ ಕೆಟ್ಟ ನೀರಾದರೆ ಅದು ಸರಿ. ಫ್ಲೋರೈಡ್ ಹೆಚ್ಚಿದ್ದರೆ ತಪ್ಪು. ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ತುಸು ಏರುತ್ತದೆ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪಬಹುದಾದ ಮಿತಿ. ಬೇರೆ ಜಲಮೂಲವೇ ಇಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಸೈರಿಸಬಹುದು. ಈ ಅಂಕಿಗಳು ಕಡತದಲ್ಲಿ ಇರಲಿ. ಸಂದೇಶಕ್ಕೆ ಬೇಕಾದುದು ಬೇರೆ:

‘ಹೊಸಹಳ್ಳಿ ಶಾಲೆ ಪಕ್ಕದ ಟ್ಯಾಂಕಿನ ನೀರನ್ನು ಕುಡಿಯಬೇಡಿ, ಅಡುಗೆಗೂ ಬಳಸಬೇಡಿ. ಫ್ಲೋರೈಡ್ ಹೆಚ್ಚಾಗಿದೆ, ಕುದಿಸಿದರೂ ಹೋಗುವುದಿಲ್ಲ. ಸ್ನಾನಕ್ಕೆ, ಬಟ್ಟೆ ಒಗೆಯಲು ಬಳಸಬಹುದು. ಗುರುವಾರ 12-06-2025ರಿಂದ ಪ್ರತಿದಿನ ಬೆಳಿಗ್ಗೆ 7ರಿಂದ 9ರವರೆಗೆ ಅಂಗನವಾಡಿ ಮುಂದೆ ಮತ್ತು ಕಾಲೊನಿಯ ಅರಳಿಕಟ್ಟೆ ಬಳಿ ಟ್ಯಾಂಕರ್‌ನಲ್ಲಿ ಕುಡಿಯುವ ನೀರು ಕೊಡಲಾಗುವುದು.’ ಇದರ ಕೆಳಗೆ ಗ್ರಾಮ ಪಂಚಾಯಿತಿ ಮತ್ತು ತಾಲ್ಲೂಕಿನ ಹೆಸರು, ಕಚೇರಿಯ ದೂರವಾಣಿ, ಬರೆದ ದಿನಾಂಕ.

ಇದರಲ್ಲಿ ಒಂದು ಪದವೂ ಅಲಂಕಾರಕ್ಕಿಲ್ಲ. ಎರಡು ಸ್ಥಳಗಳನ್ನು ಹೆಸರಿಸಿರುವುದಕ್ಕೂ ಕಾರಣವಿದೆ. ಊರಿನ ಒಂದೇ ಕಡೆಯ ಹೆಸರು ಬರೆದರೆ ಇನ್ನೊಂದು ಕೇರಿಯವರು ‘ಇದು ನಮಗಲ್ಲ’ ಎಂದು ಓದಿಕೊಳ್ಳುವ ಸಂಭವ ಇರುತ್ತದೆ, ಮತ್ತು ಹಾಗೆ ಓದಿಕೊಂಡವರನ್ನು ದೂರುವಂತಿಲ್ಲ. ‘ನಾಳೆ’ ಎಂಬ ಪದವನ್ನಂತೂ ಕೈಬಿಡಲೇಬೇಕು. ಮೂರು ದಿನಗಳ ಅನಂತರ ಓದುವವರಿಗೂ ನಾಳೆ ಎಂದರೆ ನಾಳೆಯೇ. ಹೊಸಹಳ್ಳಿ ಎಂಬ ಹೆಸರಿನ ಊರುಗಳು ರಾಜ್ಯದಲ್ಲಿ ಹಲವಿರುವುದರಿಂದ ತಾಲ್ಲೂಕಿನ ಹೆಸರಿಲ್ಲದ ಎಚ್ಚರಿಕೆಯು ಸಂಬಂಧವಿಲ್ಲದ ಊರಿನಲ್ಲಿ ಗಾಬರಿ ಹುಟ್ಟಿಸಬಲ್ಲದು.

ಮೊಬೈಲ್‌ನಲ್ಲಿ ಹರಡಿದ ಗಾಬರಿ ಯಾವ ಮಟ್ಟಕ್ಕೆ ಹೋಗಬಲ್ಲದೆಂಬುದನ್ನು ಕರ್ನಾಟಕ ಕಂಡಿದೆ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಯನ್ನು ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ಯುವ ಎಂಜಿನಿಯರೊಬ್ಬರನ್ನು ಕೊಂದಿತು. ದೇಶದ ಹಲವೆಡೆ ಇಂತಹ ಹತ್ಯೆಗಳು ನಡೆದ ಬಳಿಕ, ಅದೇ ತಿಂಗಳು, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ರವಾನಿಸಬಹುದೆಂಬ ಮಿತಿಯನ್ನು ವಾಟ್ಸ್‌ಆ್ಯಪ್ ಪ್ರಕಟಿಸಿತು. ಪಂಚಾಯಿತಿಯ ಸಂದೇಶವು ವದಂತಿಯಲ್ಲ, ನಿಜ. ಆದರೆ ಊರು, ದಿನಾಂಕ, ಕಳುಹಿಸಿದವರ ಗುರುತು ಇಲ್ಲದಿದ್ದರೆ ಎರಡನ್ನೂ ಬೇರ್ಪಡಿಸುವ ದಾರಿ ಓದುವವರಿಗೆ ಉಳಿಯುವುದಿಲ್ಲ.

ಅಕ್ಷರದ ವಿಷಯದಲ್ಲಿಯೂ ಕೆಲವು ತೊಡಕುಗಳಿವೆ. ನುಡಿ ತಂತ್ರಾಂಶದ ಹಳೆಯ ಎನ್‌ಕೋಡಿಂಗ್‌ನಲ್ಲಿ ಬೆರಳಚ್ಚಿಸಿದ ಪಠ್ಯವನ್ನು ಹಾಗೆಯೇ ಅಂಟಿಸಿದರೆ ಮೊಬೈಲ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು. ಈ ಗೊಡವೆಯೇ ಬೇಡವೆಂದು ಸಹಿ, ಮೊಹರು ಸಹಿತ ಕಾಗದದ ಫೋಟೊ ತೆಗೆದು ಹಾಕುವವರಿದ್ದಾರೆ. ಫೋಟೊದಲ್ಲಿರುವ ಅಕ್ಷರಗಳು ಸಣ್ಣವು. ಮುಂದೆ ಬೇಕಾದಾಗ ಗುಂಪಿನಲ್ಲಿ ಪದ ಹಾಕಿ ಹುಡುಕಿದರೆ ಸಿಗುವುದಿಲ್ಲ. ದೃಷ್ಟಿದೋಷವುಳ್ಳವರ ಮೊಬೈಲ್ ಅದನ್ನು ಪಠ್ಯದಂತೆ ಸರಾಗವಾಗಿ ಓದಿ ಹೇಳುವುದಿಲ್ಲ. ಫೋಟೊ ಬೇಕೇ ಆದರೆ ಜೊತೆಗೆ ಪಠ್ಯವೂ ಇರಲಿ. ಫಲಾನುಭವಿಗಳ ಪಟ್ಟಿಯಾದರೆ ಆಧಾರ್ ಹಾಗೂ ಬ್ಯಾಂಕ್ ಖಾತೆ ಸಂಖ್ಯೆಗಳು ಅದರಲ್ಲಿ ಇರಕೂಡದು.

ಓದಲು ಬಾರದವರಿಗೆ ಧ್ವನಿ ಸಂದೇಶವೇ ಗತಿ. ಹಿಂದೆ ಡಂಗುರ ಸಾರುವವನು ತಮಟೆ ಬಾರಿಸಿ, ಯಾರ ಅಪ್ಪಣೆ, ಯಾವ ದಿನ, ಏನು ಮಾಡಬೇಕು ಎಂಬುದನ್ನು ನಾಲ್ಕು ಮಾತಿನಲ್ಲಿ ಮುಗಿಸುತ್ತಿದ್ದನು, ಪ್ರತಿ ಕೇರಿಯಲ್ಲೂ ಮತ್ತೆ ಹೇಳುತ್ತಿದ್ದನು. ಆ ಅಳತೆ ಇಂದಿಗೂ ಸರಿಯೇ. ಮೇಲಿನ ನೀರಿನ ಸಂದೇಶವನ್ನು ನೀರುಗಂಟಿಯೇ ತನ್ನ ದನಿಯಲ್ಲಿ ಒಂದು ನಿಮಿಷದೊಳಗೆ ಹೇಳಿ ಕಳುಹಿಸಿದರೆ ಊರಿನವರು ಆ ದನಿಯನ್ನು ಗುರುತಿಸುತ್ತಾರೆ.

ತಪ್ಪು ಮಾಹಿತಿ ಹೋಗಿಬಿಟ್ಟಲ್ಲಿ ಸಂದೇಶವನ್ನು ಸದ್ದಿಲ್ಲದೆ ಅಳಿಸುವುದು ಸಾಲದು. ಗುಂಪಿನಿಂದ ಅಳಿಸಿದರೂ ಬೇರೆಡೆಗೆ ರವಾನೆಯಾದ ಪ್ರತಿಗಳು ಹಾಗೆಯೇ ಇರುತ್ತವೆ. ‘ತಿದ್ದುಪಡಿ’ ಎಂಬ ಪದದಿಂದಲೇ ಆರಂಭಿಸಿ, ತಪ್ಪಿದ್ದುದು ಯಾವುದು, ಸರಿಯಾದುದು ಯಾವುದು ಎಂಬುದನ್ನು ಎರಡು ಸಾಲಿನಲ್ಲಿ ಬರೆದು ಅದೇ ಗುಂಪುಗಳಿಗೆ ಕಳುಹಿಸಬೇಕು. ನೀರು ಮರುಪರೀಕ್ಷೆಯಲ್ಲಿ ಯೋಗ್ಯವೆಂದು ಬಂದ ದಿನವೂ ಅಷ್ಟೇ ಸ್ಪಷ್ಟವಾದ ಇನ್ನೊಂದು ಸಂದೇಶ ಹೋಗಬೇಕು: ಯಾವ ಟ್ಯಾಂಕು, ಯಾವ ದಿನಾಂಕದಿಂದ ಕುಡಿಯಬಹುದು, ಟ್ಯಾಂಕರ್ ಯಾವ ದಿನ ನಿಲ್ಲುತ್ತದೆ.