ಹೂಗ್ಲಿ ನದಿಯಿಂದ ಕೊಲ್ಕತ್ತಾ ದರ್ಶನ

ಕೊಲ್ಕತ್ತಾ ಮಹಾನಗರವನ್ನು ಅರಿಯಬಯಸುವ ಪ್ರವಾಸಿಗರಿಗೆ ಹೂಗ್ಲಿ ನದಿಯ ಜಲಯಾನವು ಉತ್ತಮ ಮಾರ್ಗವಾಗಿದೆ. ಗಂಗೆಯ ಕವಲಾದ ಈ ನದಿಯೇ ನಗರದ ಬೆಳವಣಿಗೆಗೆ ಕಾರಣ. ಇದು ಹೊತ್ತು ತರುವ ಹೂಳೇ ನಗರದ ಬಹುಕಾಲದ ಚಿಂತೆ.

ಉತ್ತರದ ದಕ್ಷಿಣೇಶ್ವರದಿಂದ ಹೊರಟರೆ, ಮೊದಲು ಪೂರ್ವದ ದಡದಲ್ಲಿ ರಾಣಿ ರಾಸಮಣಿಯವರು ಕಟ್ಟಿಸಿದ, 1855ರಲ್ಲಿ ಪ್ರತಿಷ್ಠಾಪನೆಗೊಂಡ ಕಾಳಿಕಾ ದೇವಾಲಯವೂ, ಮುಂದೆ ಪಶ್ಚಿಮದ ದಡದಲ್ಲಿ ಶ್ರೀ ರಾಮಕೃಷ್ಣ ಸಂಘದ ಕೇಂದ್ರವಾದ ಬೇಲೂರು ಮಠವೂ ಕಾಣುತ್ತವೆ. ಹಾಸನ ಜಿಲ್ಲೆಯ ಬೇಲೂರಿಗೂ ಇದಕ್ಕೂ ಹೆಸರಿನ ಸಾಮ್ಯವಷ್ಟೇ. ಪುನಃ ಪೂರ್ವ ದಡದಲ್ಲಿ, ಹೂಗ್ಲಿಯ ಜೇಡಿಮಣ್ಣಿನಿಂದ ದುರ್ಗೆಯ ಮೂರ್ತಿಗಳನ್ನು ರೂಪಿಸುವ ಶಿಲ್ಪಿಗಳ ಬಡಾವಣೆ ಕುಮಾರಟುಲಿ ಇದೆ. ಹೂಳು ಇಲ್ಲಿ ವರವಾಗಿದೆ.

ಮುಂದೆ ಅದೇ ಹೂಳಿನ ಇನ್ನೊಂದು ಮುಖವನ್ನು ಕಾಣಬಹುದು. 1943ರಲ್ಲಿ ಸಂಚಾರಕ್ಕೆ ತೆರೆದ ಹೌರಾ ಸೇತುವೆಗೆ ನದಿಯ ನಡುವೆ ಒಂದು ಕಂಬವೂ ಇಲ್ಲ. ಕಂಬಗಳು ಪ್ರವಾಹವನ್ನು ತಡೆದು ಹೂಳು ನಿಲ್ಲಿಸಿಯಾವೆಂಬ ಆತಂಕವೂ ಇದಕ್ಕೆ ಒಂದು ಕಾರಣವಾಗಿತ್ತು. ದಕ್ಷಿಣಕ್ಕೆ, 1992ರಲ್ಲಿ ಉದ್ಘಾಟನೆಗೊಂಡ ವಿದ್ಯಾಸಾಗರ ಸೇತುವೆಯನ್ನು ಉಕ್ಕಿನ ಹಗ್ಗಗಳು ಎತ್ತಿ ಹಿಡಿದಿವೆ. ಇವೆರಡರ ನಡುವೆ ನದಿಯ ತಳದಡಿಯ ಸುರಂಗದಲ್ಲಿ 2024ರಿಂದ ಮೆಟ್ರೋ ರೈಲು ಸಂಚರಿಸುತ್ತಿದೆ.

ಹೂಳನ್ನು ತೊಳೆದು ಬಂದರನ್ನು ಉಳಿಸುವ ಉದ್ದೇಶದಿಂದ 1975ರಲ್ಲಿ ಫರಕ್ಕಾ ಅಣೆಕಟ್ಟೆಯ ಮೂಲಕ ಗಂಗೆಯ ನೀರನ್ನು ಇತ್ತ ತಿರುಗಿಸಲಾಯಿತು. ದೊಡ್ಡ ಹಡಗುಗಳಿಗಾಗಿ ಸಮುದ್ರಕ್ಕೆ ಸಮೀಪದ ಹಲ್ದಿಯಾದಲ್ಲಿಯೂ ಹಡಗುಕಟ್ಟೆ ನಿರ್ಮಾಣವಾಯಿತು.

ಸಮುದ್ರದ ಉಬ್ಬರವಿಳಿತವು ಕೊಲ್ಕತ್ತಾದವರೆಗೂ ತಲುಪುವುದರಿಂದ ಘಾಟಿನ ಮೆಟ್ಟಿಲುಗಳು ಕೆಲವೇ ಗಂಟೆಗಳಲ್ಲಿ ಮುಳುಗಿ ಏಳುತ್ತವೆ. ಒದ್ದೆ ಮೆಟ್ಟಿಲಿನಲ್ಲಿ ಎಚ್ಚರವಿರಲಿ. ದೋಣಿಯಲ್ಲಿ ಜೀವರಕ್ಷಕ ಕವಚವನ್ನು ಧರಿಸಿರಿ. ನದಿಗೆ ಕಸವನ್ನು ಎಸೆಯದಿರಿ. ಹೂಳಿನ ಹೊರೆಯೇ ಅದಕ್ಕೆ ಸಾಕಷ್ಟಿದೆ.