ಹಳ್ಳಿಯ ಬಸ್ಸು ಮತ್ತು ಕಾಯುವಿಕೆಯ ಗಣಿತ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಬಸ್ಸಿಗಾಗಿ ಕಾದವರಿಗೆಲ್ಲ ಒಂದು ಸಂದೇಹ ಹುಟ್ಟಿರಬೇಕು. ಬಹಳ ಹೊತ್ತು ಬಾರದ ಬಸ್ಸು, ಬಂದಾಗ ಒಂದರ ಬೆನ್ನಿಗೆ ಇನ್ನೊಂದು ಬರುವುದೇಕೆ? ಇದನ್ನು ಹಣೆಬರಹವೆನ್ನಬೇಕಾಗಿಲ್ಲ, ಗಣಿತದಿಂದಲೇ ವಿವರಿಸಬಹುದು.

ಮೊದಲು ಸ್ವಲ್ಪ ಚರಿತ್ರೆ. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯು 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಡನೆ ಆರಂಭವಾಯಿತು. 1961ರ ಆಗಸ್ಟ್ 1ರಂದು ಅದು ನಿಗಮವಾಯಿತು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಮೇಲೆ ನಿಗಮದ ಹೆಸರೂ ಬದಲಾಯಿತು. 1997ರಲ್ಲಿ ಬೆಂಗಳೂರಿನ ನಗರ ಸಾರಿಗೆಗೆ ಪ್ರತ್ಯೇಕ ಸಂಸ್ಥೆಯೇ ಏರ್ಪಟ್ಟಿತು. ನಮ್ಮಂತಹ ಸಣ್ಣ ಪಟ್ಟಣಗಳ ಸುತ್ತಲಿನ ಊರುಗಳಿಗಾದರೋ ಹಳ್ಳಿಯ ಬಸ್ಸೇ ಉಪನಗರ ಸಾರಿಗೆ.

ಇಂತಹ ಬಸ್ಸು ಅಡಿಗಡಿಗೆ ನಿಲ್ಲಬೇಕು. ಪ್ರಯಾಣಿಕರೊಡನೆ 15 ಟನ್ ತೂಗುವ ಬಸ್ಸು ಗಂಟೆಗೆ 54 ಕಿಲೋಮೀಟರು, ಎಂದರೆ ಸೆಕೆಂಡಿಗೆ 15 ಮೀಟರು ವೇಗದಲ್ಲಿ ಚಲಿಸುತ್ತಿದೆಯೆಂದು ಭಾವಿಸೋಣ. ಅದರ ಚಲನಶಕ್ತಿ ಸುಮಾರು 17 ಲಕ್ಷ ಜೂಲ್. ಬ್ರೇಕು ಒತ್ತಿದಾಗ ಇದರ ಬಹುಭಾಗ ಶಾಖವಾಗಿ ವ್ಯರ್ಥವಾಗುತ್ತದೆ. ಒಂದು ಲೀಟರು ಡೀಸೆಲ್ಲಿನಲ್ಲಿ ಸುಮಾರು 360 ಲಕ್ಷ ಜೂಲ್ ಶಕ್ತಿಯಿದ್ದು, ಎಂಜಿನ್ನು ಅದರ ಮೂರನೆಯ ಒಂದು ಪಾಲನ್ನು ಕೆಲಸಕ್ಕೆ ತರುವುದೆಂದರೆ, ಮತ್ತೆ ಅದೇ ವೇಗವನ್ನು ಪಡೆಯಲು 140 ಮಿಲಿಲೀಟರಿನಷ್ಟು ಡೀಸೆಲ್ ಬೇಕು. ವಿದ್ಯುತ್ ಬಸ್ಸಾದರೆ ಈ ಶಕ್ತಿಯ ಒಂದಂಶವನ್ನು ಬ್ಯಾಟರಿಗೆ ಹಿಂತಿರುಗಿಸಬಲ್ಲದು.

ಡೀಸೆಲ್ಲಿನಂತೆ ಕಾಲವೂ ವ್ಯಯವಾಗುತ್ತದೆ. ಒಂದು ಬಸ್ಸು ಐದು ನಿಮಿಷ ತಡವಾಯಿತೆನ್ನಿ. ಅಷ್ಟರಲ್ಲಿ ನಿಲ್ದಾಣದಲ್ಲಿ ಜನ ಹೆಚ್ಚುತ್ತಾರೆ. ಅವರು ಹತ್ತುವುದು ತಡವಾಗುತ್ತದೆ. ಬಸ್ಸು ಇನ್ನೂ ಹಿಂದೆ ಬೀಳುತ್ತದೆ. ಅದರ ಹಿಂದಿನ ಬಸ್ಸಿಗೆ ಜನ ಕಡಿಮೆ. ಅದು ಬೇಗಬೇಗ ಸಾಗಿ ಮುಂದಿನದನ್ನು ಸಮೀಪಿಸುತ್ತದೆ. ಹೀಗೆ ಸಣ್ಣ ತಡವು ತಾನಾಗಿಯೇ ಬೆಳೆದು ಬಸ್ಸುಗಳೆರಡೂ ಜೊತೆಗೂಡುತ್ತವೆ.

ಇದರಿಂದ ನಷ್ಟವೆಷ್ಟು? ಗಂಟೆಗೆ ಎರಡು ಬಸ್ಸುಗಳು 30 ನಿಮಿಷಗಳ ಸಮನಾದ ಅಂತರದಲ್ಲಿ ಬಂದರೆ, ವೇಳೆ ನೋಡದೆ ಬಂದವರು ಸರಾಸರಿ 15 ನಿಮಿಷ ಕಾಯುತ್ತಾರೆ. ಅಂತರಗಳು 10 ಮತ್ತು 50 ನಿಮಿಷಗಳಾದರೆ? ಆರು ಜನರಲ್ಲಿ ಒಬ್ಬರು ಸಣ್ಣ ಅಂತರದಲ್ಲಿ ಬಂದು ಸರಾಸರಿ 5 ನಿಮಿಷ ಕಾಯುತ್ತಾರೆ. ಉಳಿದ ಐವರು ದೊಡ್ಡ ಅಂತರಕ್ಕೆ ಸಿಕ್ಕಿ 25 ನಿಮಿಷ ಕಾಯುತ್ತಾರೆ. ಒಟ್ಟು 130 ನಿಮಿಷ; ಆರರಿಂದ ಭಾಗಿಸಿದರೆ ಸುಮಾರು 22 ನಿಮಿಷ. ಬಸ್ಸುಗಳು ಅಷ್ಟೇ, ಕಾಯುವಿಕೆ ಮಾತ್ರ ಏಳು ನಿಮಿಷ ಹೆಚ್ಚು.

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯು ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ವೆಚ್ಚವನ್ನು ತಪ್ಪಿಸಿತು. ಆದರೆ ನಿಲ್ದಾಣದಲ್ಲಿ ಕಳೆದ ವೇಳೆಯನ್ನೂ ತಪ್ಪಿದ ಮೊದಲ ತರಗತಿಯನ್ನೂ ಯಾವ ಉಚಿತ ಟಿಕೆಟ್ಟೂ ಹಿಂತಿರುಗಿಸಲಾರದು. ಕಿಬ್ಬನಹಳ್ಳಿ ಕ್ರಾಸಿನಂತಹ ರಸ್ತೆಗಳು ಕೂಡುವೆಡೆಯಲ್ಲಿ ಹಿಂದಿನ ಬಸ್ಸನ್ನು ಕೆಲವು ನಿಮಿಷ ತಡೆದು ಬಿಟ್ಟರೆ, ಹೊಸ ಬಸ್ಸು ಕೊಳ್ಳದೆಯೇ ಅಂತರವನ್ನು ಸರಿಪಡಿಸಬಹುದು.

ವಿದ್ಯಾರ್ಥಿಗಳು ತಮ್ಮೂರಿನ ನಿಲ್ದಾಣದಲ್ಲಿ ಒಂದು ವಾರ ಬಸ್ಸು ಬಂದ ವೇಳೆಯನ್ನು ಗುರುತುಹಾಕಿಕೊಂಡು ಈ ಲೆಕ್ಕವನ್ನು ಮಾಡಿ ನೋಡಲಿ. ಬಸ್ಸು ಸಾಲದೆಂದು ಕೇಳುವುದಕ್ಕೆ ಮೊದಲು, ಇರುವ ಬಸ್ಸುಗಳು ಯಾವ ಅಂತರದಲ್ಲಿ ಬರುತ್ತಿವೆಯೆಂಬುದನ್ನು ನಾವು ಅರಿತಿರಬೇಕು.